ಹೊಳ್ಳಿ ನೋಡುವ ರೂಢಿ

ನವನಗರ, ಬಾಗಲಕೋಟೆ
೧ ಮೇ ೨೦೨೫, ಬಸವ ಜಯಂತಿಯ ಮರುದಿನ

ಅವ್ವಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಆದರೂ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಿನ್ನ ಮೊಣಕಾಲು ಹೇಗಿದೆ? ಸತ್ತ ಮೇಲಾದರೂ ನೋವು ಕಡಿಮೆಯಾಯಿತೋ, ಇಲ್ಲ ಆ ನೀರಿನ ತಂಡಿಗೆ ಇನ್ನೂ ಹಿಡಿದುಕೊಳ್ಳುತ್ತದೋ? ಸಾಯುವಾಗ ನೀನು "ನಾ ನನ್ನ ಹಳೇ ಮನಿಗೇ ಹೋಗ್ತೇನಿ" ಎಂದಿದ್ದೆ. ಹಿನ್ನೀರಿನಲ್ಲಿ ಮುಳುಗಿದ ಮನೆಗೆ ಹೋಗುವುದು ಹೇಗೆ ಎಂದು ನಾನು ಅಳುತ್ತಲೇ ನಕ್ಕಿದ್ದೆ. ಹೋದ ವಾರ ಕಣ್ಣಾರೆ ಕಂಡೆ. ಈ ಸುತ್ತಿನ ಊರುಗಳಲ್ಲಿ ಸತ್ತವರೆಲ್ಲ ಅಲ್ಲಿಯೇ ಇದ್ದೀರಿ, ನೀರಿನಡಿಯ ಹಳೇ ಬಾಗಲಕೋಟೆಯಲ್ಲಿ. ಅದೇ ಓಣಿ, ಅದೇ ಕಟ್ಟೆ.

ನಾನು ಯಾರಿಗಾಗಿ ಬಂದಿದ್ದೆ ಎಂಬುದು ನಿನಗೆ ಚೆನ್ನಾಗಿ ಗೊತ್ತು. ದಾನೇಶ್ವರಿಗಾಗಿ. ತವರಿಗೆಂದು ಬೇವೂರಿಗೆ ಹೋದವಳು ಹೊಲದಲ್ಲಿ ಹಾವು ಕಚ್ಚಿ ಸತ್ತಳು. ಇಷ್ಟು ವರ್ಷ ನನ್ನ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಂಡವಳು! ಮಣ್ಣು ಮಾಡುವಾಗ ಅವಳ ಅಣ್ಣ ನನಗೆ "ನೀವು ಹಿಂದ ನಿಂದರ್ರಿ, ಮನಿ ಮಂದಿ ಮುಂದ ಬರ್ಲಿ" ಎಂದ. ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ. ಅವತ್ತೇ ಗಟ್ಟಿ ಮಾಡಿಕೊಂಡೆ, ಇವಳನ್ನು ವಾಪಸು ಕರೆದುಕೊಂಡೇ ಬರುತ್ತೇನೆ ಎಂದು.

ಬಿಸಿಲಿಗೆ ಹಿನ್ನೀರು ಇಳಿದಿತ್ತು. ಮೇಲೆದ್ದ ಮೋಟು ಗೋಡೆಗಳ ನಡುವೆ ನಮ್ಮ ಓಣಿಯ ಜಾಡು ಹಿಡಿದು ಕೆಳಗಿಳಿದೆ. ಆ ಊರಿನ ಧಣಿ ಅಗಸಿ ಬಾಗಿಲಲ್ಲೇ ತಡೆದ. ಬೇಡಿಕೊಂಡೆ, ಬೈದೆ, ಜಗ್ಗಲಿಲ್ಲ. ಕಡೆಗೆ ನೀನು ಕಲಿಸಿದ ಬೀಸುವ ಪದ ಹಾಡಿದೆ. ಅಗಸಿಯಲ್ಲಿದ್ದ ಮಂದಿಯೆಲ್ಲ ಅತ್ತರು. ಧಣಿ ಮೂಗು ಒರೆಸಿಕೊಂಡು "ಆಕಿ ನಿನಗ ಏನಾಗಬೇಕು?" ಎಂದ. "ಹೇಣ್ತಿ" ಎಂದೆ. ಜೀವಮಾನದಲ್ಲಿ ಮೊದಲ ಸಲ, ಅದೂ ದೊಡ್ಡ ದನಿಯಲ್ಲಿ. ಅವನಿಗೆ ಏನೂ ಅನ್ನಿಸಲಿಲ್ಲ, ನೋಡು! "ಕರ್ಕೊಂಡು ಹೋಗು. ಮುಂದ ನೀ ನಡಿ, ಹಿಂದ ಆಕಿ ಬರ್ತಾಳ. ದಂಡಿ ಮುಟ್ಟೋತನಕ ಹೊಳ್ಳಿ ನೋಡಬ್ಯಾಡ. ನೋಡಿದಿ ಅಂದ್ರ ಆಕಿ ಇಲ್ಲೇ" ಎಂದ.

ನಮ್ಮ ಮನೆಯ ಮುಂದೆಯೇ ಹಾದೆವು. ನೀನು ಕಟ್ಟೆಯ ಮೇಲೆ ಕುಳಿತಿದ್ದೆ. ಇಬ್ಬರನ್ನೂ ನೋಡಿದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ! ಸತ್ತ ಮೇಲೂ ಮಂದಿಯ ಅಂಜಿಕೆಯೇ? ಎಂಥಾ ಅವ್ವ ನೀನು!

ಆದರೂ ನಾನು ನಡೆದೆ. ಹಿಂದೆ ಅವಳ ಕಾಲುಂಗುರದ ಸಪ್ಪಳ ಬರುತ್ತಿತ್ತು. ಬಾದಾಮಿಯ ಬನಶಂಕರಿಯಲ್ಲಿ ನಾನೇ ಕೊಡಿಸಿದ್ದು. ಬದುಕಿದ್ದಾಗ ಮನೆಯೊಳಗೆ ಮಾತ್ರ ಹಾಕುತ್ತಿದ್ದವಳು ಅಲ್ಲಿ ಓಣಿಯಲ್ಲೇ ಹಾಕಿಕೊಂಡಿದ್ದಳು. ದಂಡೆ ಇನ್ನು ನಾಲ್ಕು ಹೆಜ್ಜೆ ಇತ್ತು. ಹಿಂದುಗಡೆ ಸೇತುವೆಯ ಮೇಲೆ ಯಾರೋ ಹಾರ್ನ್ ಹೊಡೆದರು. ನನ್ನ ಕುತ್ತಿಗೆ ತಾನಾಗಿಯೇ ತಿರುಗಿತು.

ಪ್ರೀತಿ ತಡೆಯಲಾರದೆ ತಿರುಗಿದೆ ಎಂದು ತಿಳಿಯಬೇಡ. ಅವಳು ಬರುತ್ತಿದ್ದಾಳೋ ಇಲ್ಲವೋ ಎಂಬ ಅನುಮಾನವೂ ಇರಲಿಲ್ಲ. ಯಾರಾದರೂ ನಮ್ಮನ್ನು ನೋಡುತ್ತಿದ್ದಾರೇನೋ ಎಂದು ತಿರುಗಿದೆ. ಅದು ನೀನು ಕಲಿಸಿದ್ದು! ನಾವಿಬ್ಬರೂ ಹೊರಗೆ ಹೊರಟರೆ ಸಾಕು, ಹೊಸ್ತಿಲಲ್ಲಿ ನಿಂತು "ಹೊಳ್ಳಿ ನೋಡ್ಕೋತ ಹೋಗವ್ವಾ, ಮಂದಿ ಕಣ್ಣಾಗ ಬೀಳಬ್ಯಾಡ" ಎನ್ನುತ್ತಿದ್ದೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಅವಳ ಕೈ ಹಿಡಿಯುವ ಮುಂಚೆ ಹೊಳ್ಳಿ ನೋಡಿ ನೋಡಿ ಕುತ್ತಿಗೆಗೆ ಅದೇ ರೂಢಿಯಾಗಿ ಹೋಗಿತ್ತು.

ಸೇತುವೆಯ ಮೇಲಿನವನು ನಮ್ಮ ಕಡೆ ನೋಡಿರಲೂ ಇಲ್ಲ. ಎಮ್ಮೆ ಅಡ್ಡ ಬಂದಿತ್ತು, ಹಾರ್ನ್ ಹೊಡೆದು ಹೋದ. ದಾನೇಶ್ವರಿ "ಸುನಂದಾ" ಎಂದಳು, ಅಷ್ಟೇ. ಸಿಟ್ಟೂ ಮಾಡಲಿಲ್ಲ. ನೀರು ಅವಳ ಮೇಲೆ ಮುಚ್ಚಿಕೊಂಡಿತು.

ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡುತ್ತಿದ್ದೇನೆ. ಹೊಳ್ಳಿ ನೋಡಲು ಕಲಿಸಿದ್ದಕ್ಕೆ ನಿನಗೆ ಮಾಫಿ ಇಲ್ಲ ಅವ್ವಾ. ಅಪ್ಪ ಸಿಕ್ಕರೆ ನನ್ನ ಶರಣು ಹೇಳು. ನಿನಗೂ ಶರಣು. ದೊಡ್ಡವಳು ಎಂದು ಹೇಳುತ್ತಿದ್ದೇನೆ, ಮತ್ತೇನಿಲ್ಲ.

ನಿನ್ನ ಮಗಳು,
ಸುನಂದಾ

ತಾ.ಕ.: ಈ ಪತ್ರವನ್ನು ಡಬ್ಬಿಯಲ್ಲಿ ಹಾಕಿ ನೀರಿಗೆ ಬಿಡುವ ಮುಂಚೆ ಒಂದು ಮಾತು. ಧಣಿ ಎರಡನೇ ಸಲ ಬಿಡುವುದಿಲ್ಲವಂತೆ. ದಾನೇಶ್ವರಿ ಬೇವೂರಿನವಳು, ಆ ಊರಿನಲ್ಲಿ ಅವಳಿಗೆ ಯಾರೂ ಇಲ್ಲ, ಕತ್ತಲೆಂದರೆ ಅಂಜುತ್ತಾಳೆ. ನಮ್ಮ ಕಟ್ಟೆಯ ಹತ್ತಿರವೇ ಎಲ್ಲೋ ನಿಂತಿರುತ್ತಾಳೆ. ಬಾಗಿಲು ತೆಗೆ ಅವ್ವಾ. ಮಂದಿ ನೋಡಿದರೆ ನೋಡಲಿ. "ಒಳಗ ಬಾರವ್ವಾ, ನನ್ನ ಸೊಸಿ" ಎಂದು ಓಣಿಗೆಲ್ಲ ಕೇಳುವಂತೆ ಕರೆ. ನಾನು ಬರುವತನಕ ನಿನ್ನ ಹತ್ತಿರ ಇಟ್ಟುಕೋ.