ಗೊಂಬೆಗೆ ತುಂಬಿದ ಉಡಿ

ಮುಂಬೈ, ಶನಿವಾರ

ಅರಕೇರಾದ ದೊಡ್ಡವ್ವನಿಗೆ ಮೌನೇಶ್ವರಿಯ ಶರಣು.

ಫೋನಿನಲ್ಲಿ ಹೇಳಿದರೆ ಅಣ್ಣ ಕೇಳಿಸಿಕೊಂಡು ಕೂಡಲೇ ಊರಿಗೆ ಬಾ ಎನ್ನುತ್ತಾನೆ, ಅದಕ್ಕೇ ಈ ಕಾರ್ಡು. ನಾನು ಕೆಲಸಕ್ಕಿರುವ ಈ ಎತ್ತರದ ಕಟ್ಟಡದಲ್ಲಿ ಫ್ಯಾಷನ್ ಮಂದಿಯೇ ಹೆಚ್ಚು. ಲಿಫ್ಟಿನಲ್ಲೂ ಅತ್ತರಿನ ವಾಸನೆ. ನಮ್ಮ ಮೇಡಂ ಮದುವೆಯ ಉಡುಪು ಹೊಲಿಸುವವರು. ನಿನ್ನೆ ಸಮುದ್ರ ಕಾಣುವ ಕಿಟಕಿಯ ಮುಂದೆ ತಲೆಯಿಲ್ಲದ ಗೊಂಬೆಗೆ ಕೆಂಪು ಲೆಹೆಂಗಾ ಉಡಿಸಿ, ನಾಳೆ ಇದು ಮನೆಯಿಂದ ಹೊರಡುತ್ತದೆ ಎಂದರು. ಮದುವಣಗಿತ್ತಿಯ ಉಡುಪನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಯಾರೂ ಇಲ್ಲದಾಗ ದುಪಟ್ಟಾದ ಒಳಚುಂಗಿನಲ್ಲಿ ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ ಹಾಕಿ ಗಂಟು ಕಟ್ಟಿದೆ.

ಇಂದು ಬೆಳಿಗ್ಗೆ ಅದು ಹೋದ ಮೇಲೆ ಗೊತ್ತಾಯಿತು, ಹೋಗಿದ್ದು ಮದುವೆಗಲ್ಲ, ಪ್ರದರ್ಶನಕ್ಕೆ. ಸಂಜೆ ಯಾರೋ ಮಾಡೆಲ್ ಅದನ್ನು ತೊಟ್ಟು ಕ್ಯಾಮೆರಾಗಳ ಮುಂದೆ ನಡೆಯುತ್ತಾಳಂತೆ. ಪಕ್ಕದ ಫ್ಲ್ಯಾಟಿನಲ್ಲಿ ಅಡುಗೆ ಮಾಡುವ ಬಾಗಲವಾಡದ ಸೌಭಾಗ್ಯ, "ಗಂಟು ಬಿಚ್ಚಿತಂದ್ರ ಎಲ್ಲಾರ ಮುಂದ ಅಕ್ಕಿ ಚೆಲ್ತದ ಬೇ, ನಿನ್ನ ಕೆಲಸ ಉಳಿಯಂಗಿಲ್ಲ" ಅಂದಳು.

ನಾನು ಆರಾಮಿದ್ದೇನೆ. ಅಂಚೆಗೆ ಹೊರಟ ವಾಚ್‌ಮನ್ ಬಾಗಿಲಲ್ಲೇ ನಿಂತಿದ್ದಾನೆ. ನೀನು ಕಲಿಸಿದ ಹಾಗೆಯೇ ಕಟ್ಟಿದೆ, ದೊಡ್ಡವ್ವ. ಬಿಗಿಯಾಗಿ ಕಟ್ಟಿದೆನೋ ಇಲ್ಲವೋ, ಅದೇ ನೆನಪಾಗುತ್ತಿಲ್ಲ.

ನಿನ್ನ ಮೌನಿ