ಎಂಟು ಮಾತ್ರೆಗೆ ಕೂಡಿಸಿದ ಬೈಗುಳ

ಗಾಳಿವರ್ಷ ತೊಂಬತ್ತಾರು, ಕೊಯ್ಲಿನ ತಿಂಗಳು, ನಲವತ್ತನೆಯ ತಾರೀಖು.

ಕಂಪ್ಯೂಟರಿನ ಮುಂದೆ ಕುಳಿತು ಊರ ಹಾಡುಗಳಿಗೆ ಸ್ವರ ಕೂರಿಸುತ್ತಿರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಿಂದ ಹೂವಪ್ಪ ಮಾಡುವ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಓಣಿಯ ಫಕೀರವ್ವ. ಹೇಳಿದ್ದು ಇದೇ ತಿಂಗಳು, ಬಿದ್ದು ಸತ್ತ ಹುಡುಗಿ ತುಂಗವ್ವನ ಸೂತಕ ಕಳೆದು ಮನೆ ಸಾರಿಸಿದ ದಿನ, ಹೊತ್ತು ಇಳಿಯುವಾಗ. ನಾನು ಕಥೆ ಹೇಳಿ ಉಣ್ಣುವವನು. ಆವತ್ತು ಮಾತ್ರ ಕೇಳುವವರ ಸಾಲಿನಲ್ಲಿ ಕೂತಿದ್ದೆ. ತಾರೀಖು ಕಂಡು ನಗಬೇಡಿ. ನಿಮ್ಮ ತಿಂಗಳುಗಳು ಇಷ್ಟು ಉದ್ದ ಇರಲಿಲ್ಲವೆಂದು ಬಲ್ಲೆ. ನಾವು ಗಾಳಿ ದಿಕ್ಕು ಬದಲಿಸುವುದನ್ನು ನೋಡಿ ತಿಂಗಳು ಎಣಿಸುತ್ತೇವೆ, ಗಾಳಿಗೆ ಅವಸರವಿರುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕೆಲವು ಮಾತು ನಮ್ಮ ಬಾಯಲ್ಲಿ ಹಾಗೇ ಉಳಿದುಬಿಟ್ಟಿವೆ. ನಮ್ಮ ತಾಪತ್ರಯ ಅಲ್ಲಿಂದಲೇ ಶುರು.

ನಮ್ಮೂರಿಗೆ ಗಾಳಿಗುಡ್ಡ ಎನ್ನುತ್ತಾರೆ. ಗುಡ್ಡದ ಮೇಲಿನ ಗಾಳಿಯಂತ್ರಗಳೇ ಊರಿನ ಹೊಲ, ಊರಿನ ಮನೆ. ಅವುಗಳ ರೆಕ್ಕೆ ಹತ್ತಿ ತೇಪೆ ಹಾಕುವವರು ರೆಕ್ಕೆಗಾರರು. ಬೆಳಿಗ್ಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹತ್ತುತ್ತಾರೆ, ಗಾಳಿ ಜೋರಾದರೆ ಇಳಿಯುತ್ತಾರೆ. ದನಕರುಗಳಿಲ್ಲ, ಹಾಲು ಎಂದರೆ ನಮಗೆ ಶೇಂಗಾದ ಹಾಲು. ಎಮ್ಮೆ ಹೇಗಿತ್ತು ಎಂದು ಮಕ್ಕಳು ಕೇಳಿದರೆ ಒಬ್ಬರು ಆಡಿಗಿಂತ ದೊಡ್ಡದು ಎನ್ನುತ್ತಾರೆ, ಇನ್ನೊಬ್ಬರು ಮನೆಗಿಂತ ಸಣ್ಣದು ಎನ್ನುತ್ತಾರೆ. ಊರ ನಡುವೆ ಹಾಡುಗಂಬವಿದೆ. ನೀವು ಬರೆದಿಟ್ಟ ಸ್ವರಗಳು ಅದರ ಹೊಟ್ಟೆಯಲ್ಲಿವೆ. ತೊಟ್ಟಿಲಾಗಲಿ, ಮದುವೆಯಾಗಲಿ, ಸಾವಾಗಲಿ, ಹಾಡುವುದು ಅದರ ಮುಂದೆಯೇ. ಹಾಡಿದ್ದು ಬರೆದದ್ದಕ್ಕೆ ಕೂಡಿದರೆ ಹಸಿರು ದೀಪ, ಕೂಡದಿದ್ದರೆ ಕೆಂಪು. ಕೆಂಪು ಬಿದ್ದರೆ ಮೊದಲಿನಿಂದ ಶುರು ಮಾಡಬೇಕು. ಹಸಿರಾಗುವ ತನಕ ಹೆಣ ಎತ್ತುವಂತಿಲ್ಲ. ಹಿಂದೆ ದೊಡ್ಡ ಗುಳೆ ಎದ್ದು ಹಾಡು ಬಲ್ಲವರೆಲ್ಲ ದಾರಿಯಲ್ಲೇ ಸತ್ತರು. ಉಳಿದವರಿಗೆ ಸಿಕ್ಕಿದ್ದು ನಿಮ್ಮ ಬರಹವೊಂದೇ. ಅದೂ ಕೈತಪ್ಪೀತೆಂಬ ಹೆದರಿಕೆಯಲ್ಲಿ ಈ ಕಟ್ಟಳೆ ಮಾಡಿಕೊಂಡರು. ಹೆದರಿದವರನ್ನು ನಾನು ಬೈಯಲಾರೆ.

ಈಗ ಸಾವಿನ ಹಾಡಿಗೆ ಬರುತ್ತೇನೆ. ಓಣಿಯ ಹೆಂಗಸರು ಎಂಟು ಮಾತ್ರೆಯ ತಾಳದಲ್ಲಿ ಒಂದು ನುಡಿ ಹಾಡಿ ನಿಲ್ಲಿಸುತ್ತಿದ್ದರು. ತಾಳವೂ ನಿಲ್ಲುತ್ತಿತ್ತು. ಆಗ ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಬಿಟ್ಟು ಹೋದದ್ದಕ್ಕೆ. ಬೈದು, ಬಿಕ್ಕಿ, ಮೂಗು ಒರೆಸಿಕೊಂಡ ಮೇಲೆ ಮುಂದಿನ ನುಡಿ. ನೀವು ಧ್ವನಿ ಹಿಡಿದುಕೊಂಡ ದಿನ ಗಂಡ ಸತ್ತ ಒಬ್ಬ ಮುದುಕಿ ಹೀಗೆ ಬೈದಿದ್ದಳು: “ಎಮ್ಮಿ ಹಿಂಡಲಾರ್ದ ಹ್ವಾದ್ಯಲ್ಲೋ, ನನ್ನ ಸ್ವಾದರಮಾವನ ಮಗನ.” ಅದು ಅವಳ ಮಾತು, ಅವಳ ಗಂಡನಿಗೆ. ನೆರೆಮನೆಯಲ್ಲಿ ಸಾವಾಗಿದ್ದರೆ ಬೇರೆಯದೇ ಬೈಗುಳ ಇರುತ್ತಿತ್ತು. ನೀವು ಅದಕ್ಕೂ ಸ್ವರ ಕೂರಿಸಿದಿರಿ. ಹೇಗೆ ಗೊತ್ತು ಎನ್ನುತ್ತೀರೋ? ಸ್ವರದ ಜೊತೆ ಉಳಿದ ಧ್ವನಿಯ ಬಾಲದಲ್ಲಿ ನೀವಿಬ್ಬರು, ಬರೆಸುವವರು ಮತ್ತು ಬರೆಯುವವರು, ಮಾತಾಡುವುದೂ ಇದೆ.

“ಸರ, ಇಲ್ಲಿ ತಾಳ ನಿಂತೈತ್ರಿ. ಆಯಿ ಸುಮ್ನ ಅಳಾಕತ್ತಾಳ.”

“ಖಾಲಿ ಬಿಟ್ರ ಚಂದ ಕಾಣಂಗಿಲ್ಲ. ಎಂಟು ಮಾತ್ರಿಗೆ ಕೂಡಸು.”

“ಕೂಡವಲ್ದರಿ. ಮೂರು ಹೆಚ್ಚಿಗಿ ಆಗತಾವು, ಸಾಫ್ಟ್‌ವೇರ್ ಕೆಂಪ ತೋರಸ್ತೈತಿ.”

“ಬಿಕ್ಕಿದ್ದು ತಗಿ. ಉಸುರು ಎಳಕೊಂಡದ್ದು ತಗಿ. ಹ್ವಾದುವಿಲ್ಲ?”

“ಹ್ವಾದುವ್ರಿ. ಆದ್ರ ಮುಂದಿನ ನುಡಿಗೆ ಆಯಿ ಬ್ಯಾರೆ ಬೈತಾಳ್ರಿ.”

“ಇದನ್ನ ಕಾಪಿ ಮಾಡಿ ಅಲ್ಲಿ ಹಾಕು. ಎಲ್ಲಾ ಕಡೆ ಒಂದ ಇದ್ರ ಹುಡುಗ್ರು ಲಗೂ ಕಲೀತಾರ. ಚಾ ಆರಾಕತ್ತೈತಿ, ಕುಡಿ ಮೊದಲ.”

ನೀವು ಕೆಟ್ಟವರಲ್ಲ. ಯಾರೂ ಕೇಳದಿದ್ದರೂ ರಜೆಯ ದಿನ ಕೂತು ಈ ಕೆಲಸ ಮಾಡಿದವರು. ಜಾರುವ ದನಿಯನ್ನು ಹಿಡಿದು ಒಂದೊಂದು ಸ್ವರಕ್ಕೆ ಕಟ್ಟಿಹಾಕಿದಿರಿ, ಸಾಲುಗಳನ್ನು ನೇರ ಮಾಡಿದಿರಿ. ನಿಮ್ಮ ಹಾಳೆ ನೋಡಿದರೆ ಸಾರಿಸಿದ ಅಂಗಳದಂತೆ ಇದೆ. ಆ ಅಂಗಳದಲ್ಲಿ ನಾವು ಸತ್ತವರನ್ನು ಮಲಗಿಸುತ್ತಿದ್ದೇವೆ.

ತುಂಗವ್ವ ರೆಕ್ಕೆಗಾರ್ತಿ, ಮದುವೆಯಾಗದ ಹುಡುಗಿ. ದಿನವೂ ಕೆಲಸ ಮುಗಿಸಿ ಇಳಿಯುವ ಮುಂಚೆ ತುದಿಯಲ್ಲಿ ನಿಂತು ಸೀಟಿ ಹೊಡೆಯುತ್ತಿದ್ದಳು. ಇಳಿಯುತ್ತಿದ್ದೇನೆ, ರೊಟ್ಟಿಗೆ ಹೆಂಚು ಇಡು ಎಂದು ಅವ್ವನಿಗೆ ಅದೇ ಸಂದೇಶ. ಓಣಿಯವರು ಆಡಿಕೊಂಡರೆಂದು ಅವ್ವ ಸಂಕವ್ವ ಬೇಡವೆಂದಳು. ಹುಡುಗಿ ಬಿಟ್ಟಳು. ಅವಳು ರೆಕ್ಕೆಯಿಂದ ಬಿದ್ದ ದಿನವೂ ಸೀಟಿ ಕೇಳಿಸಲಿಲ್ಲ, ಬಿಟ್ಟ ಸೀಟಿ ಕೇಳಿಸಲಿಲ್ಲವೆಂದು ಯಾರೂ ಹುಡುಕಲಿಲ್ಲ. ಹೊಳೆಯ ಕಡೆಯಿಂದ ಬಂದವರು ನೋಡಿದಾಗ ಜೀವ ಹೋಗಿ ಬಹಳ ಹೊತ್ತಾಗಿತ್ತು.

ಮರುದಿನ ಗಂಬದ ಮುಂದೆ ಹೆಂಗಸರು ಮೊದಲ ನುಡಿ ಹಾಡಿ ನಿಲ್ಲಿಸಿದರು. ಸಂಕವ್ವ ಮಗಳ ಗದ್ದ ಹಿಡಿದು ಶುರುಮಾಡಿದಳು: “ತುಂಗೀ, ಹುಟ್ಟಿದಾಗಿಂದ ಒಂದ ಮಾತ ಕೇಳ್ದಾಕಿ ಅಲ್ಲ ನೀನು. ಇದೊಂದ ಯಾಕ ಕೇಳಿದಿ ನನ್ನವ್ವಾ, ಸೀಟಿ ಯಾಕ ಬಿಟ್ಟಿ…”

ಕೆಂಪು ಬಿತ್ತು. ಗಂಬ ನೋಡಿಕೊಳ್ಳುವ ಭರಮಪ್ಪ ಅವಳ ಚಿಕ್ಕಪ್ಪನ ಮಗ. ಬಗ್ಗಿ ಮೆಲ್ಲಗೆ ಹೇಳಿದ: “ಅಕ್ಕಾ, ಬರದದ್ದ ಹಾಡು.”

“ನನ್ನ ಮಗಳಿಗೆ ಎಮ್ಮಿ ಎಲ್ಲಿಂದ ತರ್ಲಿ ಭರಮಾ?”

“ತರಬ್ಯಾಡ. ಬರೇ ಹಾಡು. ಬಿಸಲ ಏರಾಕತ್ತೈತಿ, ತುಂಗಿ ಕಾಯಾಕತ್ತಾಳ.”

ಅವಳು ಮತ್ತೆ ಮಗಳ ಹೆಸರು ಹಿಡಿದಳು, ಮತ್ತೆ ಕೆಂಪು. ಹೊರುವವರು ಹೆಗಲ ಬಟ್ಟೆ ಸರಿಮಾಡಿಕೊಂಡು ಗುಡ್ಡದ ಕಡೆ ನೋಡುತ್ತಿದ್ದರು. ಕಡೆಗೆ ಸಂಕವ್ವ ಕಣ್ಣು ಮುಚ್ಚಿಕೊಂಡು, ತಾನು ಹೆತ್ತ ಮಗಳನ್ನು ಸೋದರಮಾವನ ಮಗನೇ ಎಂದು ಕರೆದು, ಎಮ್ಮೆ ಹಿಂಡದೆ ಹೋದದ್ದಕ್ಕೆ ಬೈದಳು. ಪ್ರತಿ ನುಡಿಗೂ ಅದನ್ನೇ, ಬಿಕ್ಕದೆ, ಎಂಟು ಮಾತ್ರೆಯಲ್ಲಿ. ಹಿಂದೆ ನಿಂತಿದ್ದ ಹುಡುಗಿಯರು ನಗು ತಡೆಯಲು ಸೆರಗು ಕಚ್ಚಿಕೊಂಡರು. ಹಸಿರು ಬಿತ್ತು. ಎತ್ತಿದರು.

ತಿದ್ದಿಬಿಡಿ, ಎರಡು ಗುಂಡಿ ಒತ್ತುವ ಕೆಲಸ ಎನ್ನುತ್ತೀರಿ. ನಮಗೂ ಬರುತ್ತದೆ. ಊರು ಕೂಡಿಸಿ ಕೇಳಿಯೂ ಕೇಳಿದೆವು. “ನಮ್ಮಪ್ಪಗ ಇದನ್ನ ಹಾಡಿ ಕಳಿಸೇವಿ. ಹಂಗಾರ ಅವ ತಪ್ಪ ಹಾದ್ಯಾಗ ಹ್ವಾದನೇನು?” ಎಂದು ಒಬ್ಬ ಎದ್ದ. ಅವನ ಹಿಂದೆ ಇಡೀ ಊರೇ ಎದ್ದಿತು. ಪ್ರತಿ ಮನೆಯ ಸತ್ತವರೂ ಆ ಸ್ವರಗಳ ಮೇಲೆ ನಡೆದು ಹೋಗಿದ್ದಾರೆ. ಅವುಗಳನ್ನು ಯಾರೂ ಮುಟ್ಟಗೊಡುವುದಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಹಾಳೆ ಇನ್ನೂ ಹಸಿಯಾಗಿದೆ. ತಾಳ ನಿಂತಲ್ಲಿ ನೀವೂ ಕೈ ನಿಲ್ಲಿಸಿ. ಅಲ್ಲಿ ಸ್ವರ ಹಾಕಬೇಡಿ, ಇನ್ನೊಂದು ಕಡೆಯಿಂದ ತಂದು ಅಂಟಿಸಬೇಡಿ. ತೆರವು ಹಾಗೇ ಇರಲಿ; ಕೆಂಪು ತೋರಿಸಿದರೆ ತೋರಿಸಲಿ, ನೋಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆಂದು ನಿಮ್ಮನ್ನೇ ಬೈಯಲಿ. “ಇಲ್ಲಿ ಮನೆಯವರು ಮಾತಾಡುತ್ತಾರೆ, ಕಾಯಿರಿ” ಎಂದು ಕೆಳಗೊಂದು ಸಾಲು ಬರೆದರೆ ಸಾಕು.

ಆವತ್ತು ಫಕೀರವ್ವ ಸಂಕವ್ವನ ಪಾಡು ಹೇಳಿ ಮುಗಿಸಿ ಎದ್ದಳು. ಮರುದಿನ ಬೆಳಿಗ್ಗೆ, ಕೇಳಿದ ಹೆಂಗಸರೆಲ್ಲ ಸಂಕವ್ವನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅವಳ ಸುತ್ತ ಕೂತರು. “ಇಲ್ಲಿ ಗಂಬ ಇಲ್ಲವ್ವಾ, ಈಗ ಅನ್ನು ಅಕಿಗೆ ಏನನ್ನೂದೈತಿ” ಎಂದರು. ಸಂಕವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. “ಅಕಿ ಮುಂದ ಇದ್ದಾಗ ಬಂದಿತ್ತು. ಈಗ ಯಾರಿಗನ್ಲಿ?” ಎಂದಳು. ಆಮೇಲೆ ಒಳಗಿನಿಂದ ತೊಗರಿಬೇಳೆ ತಂದು ಮೊರಕ್ಕೆ ಸುರಿದಳು. ಹೆಂಗಸರು ಮಧ್ಯಾಹ್ನದ ತನಕ ಕೂತು ಬೇಳೆ ಹಸನು ಮಾಡಿಕೊಟ್ಟು ಎದ್ದು ಬಂದರು.