ಇಬ್ಬರ ಪಾತ್ರೆ, ಸದ್ದಿಲ್ಲದ ಒಲೆ

ತಾರಸಿ ಮೇಲಿಂದ,
ನವೆಂಬರ್ ಹತ್ತು, ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಮೊಣಕಾಲಿನ ನೋವು ಕಡಿಮೆ ಆಯ್ತಾ? ಹೊಸ ಊರಿನ ನೀರು ಒಗ್ಗಿತಾ? ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರಬೇಡ, ಒಂದು ಸ್ಟೂಲು ಕೇಳಿ ಇಸ್ಕೋ. ನಾನು ಚೆನ್ನಾಗಿದ್ದೀನಿ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ನೀವಿಬ್ಬರೂ ಬೇರೆಯಾಗಿ ವರ್ಷ ತುಂಬುತ್ತಾ ಬಂತು, ಆದರೂ ನನ್ನ ಬಾಯಿಗೆ ಹಳೇ ಮಾತೇ ಬರುತ್ತೆ, ಸಿಟ್ಟಾಗಬೇಡ. ನನ್ನ ಮಗ ಅಂತ ಓದ್ಕೋ. ಊಟಕ್ಕೆ ಕೂತರೆ ತಟ್ಟೆ ನೋಡ್ಕೊಂಡೇ ತಿಂದು ಏಳ್ತಾನೆ, ಅಷ್ಟೆ.

ಸುದ್ದಿ ಏನು ಗೊತ್ತಾ, ಒಲೆ ತಗೊಂಡೆ. ಅಡುಗೆಮನೆ ಕಟ್ಟೆ ಮೇಲೆ ನಕ್ಷೆ ಹರಡಿಕೊಂಡು, ನದಿ ಪಕ್ಕದ ದಾರಿಯಲ್ಲಿ ಸಮುದ್ರದವರೆಗೂ ನಾವಿಬ್ಬರೂ ಬೆರಳಲ್ಲೇ ಸೈಕಲ್ ಹೊಡೀತಿದ್ವಲ್ಲ, ಆ ಪ್ರಯಾಣಕ್ಕೆ. ಹಾಸ್ಟೆಲ್ ಅಡುಗೆ ಕೆಲಸದಿಂದ ನಿವೃತ್ತಿಯಾದ ಅತ್ತೆಗೆ ನೀನು ಸೈಕಲ್ ಕಲಿಸೋಕೆ ಹೊರಟಾಗ ಇಡೀ ಬೀದಿ ನಕ್ಕಿತ್ತು. ಈಗ ನಾನು ಬೆಲ್ ಹೊಡೆದರೆ ಅದೇ ಬೀದಿ ಪಕ್ಕಕ್ಕೆ ಸರಿಯುತ್ತೆ.

ಸೈಕಲ್ ಅಂಗಡಿಯ ಗಡ್ಡದಪ್ಪ ಮೂರು ಒಲೆ ತಂದು ಮುಂದಿಟ್ಟ. ಗ್ಯಾಸ್ ಡಬ್ಬಿಯದು ಬಲು ಚುರುಕು, ಕಡ್ಡಿ ಗೀರಿದರೆ ಸಾಕು. ಆದರೆ ಡಬ್ಬಿ ಮುಗಿದರೆ ನದಿ ದಡದ ಸಣ್ಣ ಊರುಗಳಲ್ಲಿ ಇನ್ನೊಂದು ಎಲ್ಲಿ ಹುಡುಕೋದು? ಪೆಟ್ರೋಲಿನದು ಎಂಥ ಚಳಿಗೂ ಜಗ್ಗಲ್ಲವಂತೆ. ಹಚ್ಚಿ ತೋರಿಸಿದ, ಅಬ್ಬಬ್ಬಾ ಅದರ ಗರ್ಜನೆ, ಹಾಸ್ಟೆಲಿನ ದೊಡ್ಡ ಬರ್ನರ್‌ಗಳು ನೆನಪಾದವು. ಅಷ್ಟು ವರ್ಷ ಆ ಸದ್ದಲ್ಲಿ ಯಾರು ಏನು ಹೇಳಿದರೂ ಕೇಳಿಸ್ತಿರಲಿಲ್ಲ ನನಗೆ. ಮೂರನೆಯದು ಅಂಗೈಯಲ್ಲಿ ಹಿಡಿಸುವ ಹಿತ್ತಾಳೆ ಬಟ್ಟಲು, ಸ್ಪಿರಿಟ್ ಸುರಿದು ಹಚ್ಚೋದು. ನೀರು ಕಾಯೋಕೆ ಹೊತ್ತು ಹಿಡಿಯುತ್ತೆ, ಆದರೆ ಉಸಿರಿನಷ್ಟೂ ಸದ್ದಿಲ್ಲ. ಅದೇ ಕೊಡಪ್ಪಾ, ಕಾಯ್ತಾ ಕಾಯ್ತಾ ಮಾತಾಡಬಹುದು ಅಂದೆ. ಪಾತ್ರೆ ತೆಗೆಯುವಾಗ "ಎಷ್ಟು ಜನಕ್ಕಮ್ಮಾ?" ಅಂತ ಕೇಳಿದ. ನಾನು ಯೋಚಿಸೋ ಮೊದಲೇ ಬಾಯಿ "ಇಬ್ಬರಿಗೆ" ಅಂದುಬಿಟ್ಟಿತು. ಸ್ಟೀಲಿನದು ಭಾರ, ತಳ ಒಂದೇ ಕಡೆ ಸೀಯುತ್ತೆ. ಟೈಟಾನಿಯಂ ಅಂತೆ, ಹಪ್ಪಳದಷ್ಟು ಹಗುರ, ಆದರೆ ನೀರು ಕಾಯಿಸೋಕೆ ಮಾತ್ರ ಲಾಯಕ್ಕು. ಅಗಲ ತಳದ ಅಲ್ಯುಮಿನಿಯಂ ಪಾತ್ರೆ ತಗೊಂಡೆ, ಬೆಂಕಿ ಪಕ್ಕಕ್ಕೆ ಸೋರಿಹೋಗಲ್ಲ. ಮುಚ್ಚಳ ಮಗುಚಿದರೆ ಬಾಣಲೆ. ನೂರಾರು ಜನಕ್ಕೆ ಸೌಟು ತಿರುವಿದ ಕೈಗೆ ಅದು ಆಟದ ಸಾಮಾನು ಅನ್ನಿಸಿ ನಗು ಬಂತು.

ಮೊನ್ನೆ ಸಂಜೆ ಇಲ್ಲೇ ತಾರಸಿ ಮೇಲೆ ಹಚ್ಚಿದೆ. ಬಿಸಿಲಲ್ಲಿ ಅದರ ಜ್ವಾಲೆ ಕಾಣೋದೇ ಇಲ್ಲ ಕಣೆ. ಆರಿದೆ ಅಂದ್ಕೊಂಡು ಬಗ್ಗಿದೆ, ಸೆರಗಿನ ತುದಿ ಸುಟ್ಟಿತು. ಗಾಬರಿಯಾಗಬೇಡ, ಬೆರಳಗಲ ಅಷ್ಟೆ. ಮತ್ತೆ ಹಚ್ಚಿದರೆ ಗಾಳಿ ಬಿಡಲಿಲ್ಲ. ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯೋಕೆ ನನ್ನ ಮಗ ಬಂದ. "ಇದೇನಮ್ಮಾ, ಅಡುಗೆಮನೆ ಕೆಳಗಿದೆಯಲ್ಲ" ಅಂದ. ಹೇಳಿದೆ. "ಯಾರ ಜೊತೆ ಹೋಗ್ತೀಯ?" ಅಂದ. ನಿನ್ನ ಜೊತೆ ಅಂತ ಅದನ್ನೂ ಹೇಳಿದೆ. ಬಟ್ಟೆ ಹೆಗಲ ಮೇಲೆ ಹಾಕ್ಕೊಂಡು ಇಳಿದುಹೋದ. ಮನಸ್ಸು ನೋಯಿಸಿದೆನೇನೋ ಅಂತ ನಾನು ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಬಿಸ್ಕತ್ತಿನ ತಗಡಿನ ಡಬ್ಬ, ಕತ್ತರಿ ಹಿಡ್ಕೊಂಡು ಮತ್ತೆ ಬಂದ. ತಗಡು ಕತ್ತರಿಸಿ, ಬಗ್ಗಿಸಿ, ಒಲೆ ಸುತ್ತ ನಿಲ್ಲಿಸಿ, ಬುಡದಲ್ಲಿ ಮೊಳೆಯಿಂದ ತೂತು ಹೊಡೆದ. "ಪೂರ್ತಿ ಮುಚ್ಚಿದರೆ ಒಲೆಗೆ ಉಸಿರು ಕಟ್ಟುತ್ತೆ. ಕೆಳಗೆ ಸ್ವಲ್ಪ ಬಿಡಬೇಕು ಅಂತ ಅವಳೇ ಹೇಳ್ತಿದ್ದಳು" ಅಂದ. ನಾನು ಮತ್ತೆ ಕಡ್ಡಿ ಗೀರಿದೆ. ನೀರು ಕುದಿಯಿತು. ಇಬ್ಬರೂ ಗೋಡೆಗೊರಗಿ ಚಹಾ ಕುಡಿದೆವು, ಎಷ್ಟೋ ತಿಂಗಳ ಮೇಲೆ ಅವನು ತಲೆಯೆತ್ತಿ ಆಕಾಶ ನೋಡಿದ.

ಇವತ್ತು ಬೆಳಿಗ್ಗೆ ಒಬ್ಬಳೇ ಸೈಕಲ್ಲಲ್ಲಿ ನದಿವರೆಗೂ ಹೋಗಿಬಂದೆ. ಪಾತ್ರೆಯೊಳಗೆ ಒಲೆ ಗಲಗಲ ಅಂತಿತ್ತು, ಟವೆಲ್ ತುರುಕಿದೆ, ತೆಪ್ಪಗಾಯ್ತು. ದಡದಲ್ಲಿ ಆಲೂಗಡ್ಡೆ ಬೇಯಿಸಿದೆ. ಮಂಜಿನಲ್ಲಿ ಹಬೆ ಯಾವುದು, ಹೊಳೆಯ ಉಸಿರು ಯಾವುದು ಗೊತ್ತಾಗಲಿಲ್ಲ. ಕಣ್ಣು ಅರ್ಧ ಮುಚ್ಚಿದರೆ ಆಚೆ ದಡವೇ ಇಲ್ಲ, ನೀರೇ ನೀರು, ಆಗಲೇ ಸಮುದ್ರ ಮುಟ್ಟಿದ ಹಾಗೆ. ಆಲೂಗಡ್ಡೆ ಬೆಂದು ಬಾಯಿ ಬಿಟ್ಟಿದ್ದು ನೋಡೇ ಇರಲಿಲ್ಲ. ಅಷ್ಟು ಮೆತ್ತಗಿನ ಬೆಳಗು ಅದು.

ಹೊತ್ತಿಗೆ ಸರಿಯಾಗಿ ತಿನ್ನು. ಇಳಿಜಾರಲ್ಲಿ ಬ್ರೇಕ್ ಮೇಲಿಂದ ಕೈ ತೆಗೀಬೇಡ. ಹೋದಲ್ಲೆಲ್ಲ ನಿನಗೆ ಒಳ್ಳೆಯ ನೆರಳು ಸಿಗಲಿ, ಸುಖವಾಗಿರು.

ನಿನ್ನ
ಅತ್ತೆ

ಲಕೋಟೆ ಅಂಟಿಸೋಕೆ ಮುಂಚೆ ಇದೊಂದು: ಮರೆತಿದ್ದೆ ಅಂದರೆ ಸುಳ್ಳು, ಬರೆಯೋಕೆ ಧೈರ್ಯ ಸಾಲಲಿಲ್ಲ. ನೀನು ನನ್ನ ಮಗನನ್ನು ಬಿಟ್ಟಿದ್ದು ನಿಮ್ಮಿಬ್ಬರ ವಿಷಯ, ನಾನು ಮೂಗು ತೂರಿಸಲ್ಲ. ನನ್ನನ್ನೂ ಬಿಟ್ಟೆಯಾ ಅನ್ನೋದನ್ನ ಮಾತ್ರ ಯಾರೂ ನನಗೆ ಹೇಳಿಲ್ಲ. ಬರೋ ತಿಂಗಳ ಮೊದಲ ಶನಿವಾರ ನಾನಂತೂ ಹೊರಡ್ತೀನಿ. ನಿನ್ನ ಊರು ದಾರಿಯಲ್ಲೇ ಸಿಗುತ್ತೆ, ಸೇತುವೆ ಹತ್ತಿರ ನಿಂತು ಚಹಾಕ್ಕೆ ನೀರಿಡ್ತೀನಿ. ಮನಸ್ಸಿದ್ದರೆ ಬಾ. ಬಂದರೆ, ದಾರಿಯಲ್ಲಿ ಯಾರಾದರೂ ಈಕೆ ನಿಮಗೆ ಏನಾಗಬೇಕು ಅಂತ ಕೇಳಿದಾಗ ಏನು ಹೇಳಲಿ ಅನ್ನೋದನ್ನೂ ನೀನೇ ಹೇಳಿಕೊಡು.